ಮದ್ದು ಬಿಟ್ಟಾಗಿದೆ, ಆದರೂ ಅಡಿಕೆ ಉದುರುತ್ತಿದೆ

ವಿಟ್ಲದ ಕಡೆಯಿಂದ ಬರುವ ನಮಗೆ ಮಳೆಗಾಲ ಅಂದರೆ ಎರಡು ಹೆದರಿಕೆ: ಪರೀಕ್ಷೆ ಮತ್ತು ಕೊಳೆರೋಗ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಬಿಟ್ಟಾಗಿರುತ್ತದೆ. ಆದರೂ ಜುಲೈಯಲ್ಲಿ ಎಳೆಕಾಯಿ ಕೊಳೆತು ಉದುರಿದರೆ? ‘ದ್ರಾವಣ ಸರಿ ಇತ್ತು’, ‘ಎಲ್ಲ ಗೊನೆಗೂ ತಾಗಿದೆ’, ‘ಸರಿಯಾದ ದ್ರಾವಣ ತಾಗಿದ ಗೊನೆಗೆ ಕೊಳೆ ಬರುವುದಿಲ್ಲ’. ಈ ಮೂರನ್ನೂ ನಂಬಿಕೊಂಡು, ಕಣ್ಣೆದುರಿನ ಕೊಳೆಯನ್ನೂ ನಂಬಲು ತರ್ಕ ಬಿಡುವುದಿಲ್ಲ. ಒಂದನ್ನಾದರೂ ಕೈಬಿಡಬೇಕು. ಯಾವುದನ್ನು?

1985ರಲ್ಲಿ ಆಲ್ಚುರೋನ್, ಗಾರ್ಡೆನ್‌ಫೋರ್ಸ್, ಮ್ಯಾಕಿನ್ಸನ್ ಎಂಬ ಮೂವರು ಈ ಪ್ರಶ್ನೆಗೆ ಕಟ್ಟಳೆಗಳನ್ನು ಬರೆದರು. ಹೊಸ ಸಂಗತಿಯನ್ನು ಒಪ್ಪಿಕೋ, ವಿರೋಧ ಉಳಿಸಬೇಡ, ಹಳೆಯದನ್ನು ಅಗತ್ಯಕ್ಕಿಂತ ಹೆಚ್ಚು ಬಿಸಾಡಬೇಡ. ಯಾವುದು ಹೋಗಬೇಕು ಎನ್ನುವುದು ಯಾವ ನಂಬಿಕೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂಬುದರ ಮೇಲೆ. ನಮ್ಮ ಅಜ್ಜಂದಿರು ಮಾಡುವುದೂ ಇದನ್ನೇ ಮಾರಾಯ್ರೆ! ನಿಯಮವನ್ನು ಅವರು ಕೊನೆಗೆ ಬಿಡುತ್ತಾರೆ, ಮೊದಲು ಕೇಳುವುದು “ಕತ್ತಿ ಅದ್ದಿ ನೋಡಿದ್ರಾ?” ಅಂತ. ಹೊಳೆಯುವ ಕಬ್ಬಿಣದ ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ.

ಇನ್ನೊಂದು ದಾರಿಯೂ ಇದೆ. ಮದ್ದು ಸರಿಯೇ ಇತ್ತು, ಆದರೆ 45 ದಿನ ಕಳೆಯಿತು, ಎರಡನೇ ಸಲ ಬಿಡಲಿಲ್ಲ. ಆಗ ನಮ್ಮ ನಂಬಿಕೆ ತಪ್ಪಾಗಿರಲಿಲ್ಲ, ಲೋಕ ಬದಲಾಯಿತು. ಕಟ್ಸುನೊ ಮತ್ತು ಮೆಂಡೆಲ್ಜಾನ್ 1991ರಲ್ಲಿ ಇವೆರಡಕ್ಕೂ ಬೇರೆ ಬೇರೆ ನಿಯಮ ಬೇಕು ಎಂದು ತೋರಿಸಿದರು.

ಲೆಕ್ಕದ ಕಷ್ಟ ಬರುವುದು ಇಲ್ಲಿ: 30 ವಾಕ್ಯಗಳಿದ್ದರೆ ಉಪಗಣಗಳು 107 ಕೋಟಿ. ಎಲ್ಲವನ್ನೂ ನೋಡುತ್ತ ಕೂರುವ ಬದಲು, ಒಂದಕ್ಕೊಂದು ತಾಗುವ ಚಿಕ್ಕ ಚಿಕ್ಕ ಗುಂಪುಗಳನ್ನು ಹುಡುಕಿ, ಪ್ರತಿಯೊಂದರಿಂದಲೂ ಕನಿಷ್ಠ ಒಂದನ್ನು ಕೀಳುವುದು ಜಾಣತನ. ರೈಟರ್ 1987ರಲ್ಲಿ ಯಂತ್ರಗಳ ದೋಷ ಪತ್ತೆಗೆ ಬಳಸಿದ್ದು ಇಂಥದ್ದೇ ಉಪಾಯ. ವಿರೋಧ ಇದೆಯೇ ಎಂದು ನೋಡುವ ಕೆಲಸವನ್ನು ಸ್ಯಾಟ್ ಸಾಲ್ವರ್‌ಗೆ ಬಿಡಬಹುದು. ಇಂಥ ಸಣ್ಣ ಲೆಕ್ಕಕ್ಕೆ ನಮ್ಮ ಹಳೇ ಲ್ಯಾಪ್‌ಟಾಪ್ ಸಾಕು, ಜಿಪಿಯು ಬೇಡ.

ಆದರೆ ನಾವು ಮಾಡುವುದೇನು? ಎಲೆಯ ಫೋಟೋ ಕೊಟ್ಟು ರೋಗ ಹೇಳಿಸುವ ಪ್ರಾಜೆಕ್ಟ್, ಅದೂ ಪ್ರತಿವರ್ಷ. ‘ರೋಗ ಇದೆ’ ಎಂದ ಮೇಲೆ ನಮ್ಮ ಯಾವ ತಿಳಿವಳಿಕೆ ಕೆಡುತ್ತದೆ ಎಂದು ಆ ಮಾಡೆಲ್ ಹೇಳುವುದಿಲ್ಲ. ಚಾಟ್‌ಬಾಟ್ ಕಥೆ ಇನ್ನೂ ಚಂದ: “ನೀನು ತಪ್ಪು” ಅಂದರೆ ಸಾಕು, ಎಷ್ಟೋ ಸಲ ಸರಿ ಇದ್ದ ಉತ್ತರವನ್ನೂ ಕ್ಷಮೆ ಕೇಳಿ ನುಂಗಿಬಿಡುತ್ತದೆ. ಇಂಥದ್ದರ ಮಾತು ಕೇಳಿ ತೋಟಕ್ಕೆ ಮದ್ದು ಬಿಡಿ ಎಂದು ಅಪ್ಪನಿಗೆ ಹೇಳುವ ಧೈರ್ಯ ನಮಗಂತೂ ಇಲ್ಲ. ಎಐ ಲ್ಯಾಬ್‌ನಲ್ಲಿ ನಂಬಿಕೆ ತಿದ್ದುವ ಲೆಕ್ಕಕ್ಕೆ ಎರಡು ತರಗತಿಯಾದರೂ ಬೇಕು ಎಂದು ನಾವು ಕೇಳುತ್ತಿರುವುದು ಇದಕ್ಕೇ.

ಅಲ್ಲಿವರೆಗೆ ಕಾಯುವುದಿಲ್ಲ. ಮೇಲಿನ ಮೂರು ವಾಕ್ಯಗಳಿಂದ ನಾವೇ ಶುರು ಮಾಡುತ್ತಿದ್ದೇವೆ. ಕತ್ತಿ ಪರೀಕ್ಷೆಯನ್ನು ನಾಲ್ಕನೆಯದಾಗಿ ಸೇರಿಸಬೇಕು. ಪೈಥಾನ್ ಬರುವವರು, ತೋಟ ಇರುವವರು ಇಬ್ಬರೂ ಬೇಕು.