ಗೇರುಗುಡ್ಡೆಯ ಲೆಕ್ಕ: ಉಳಿತಾಯ ನಿಗಮಕ್ಕೆ, ಖರ್ಚು ಕೆಳಗಿನ ಮನೆಗಳಿಗೆ

ಕಾಸರಗೋಡು: ಎಂಡೋಸಲ್ಫಾನ್ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಆಸ್ಪತ್ರೆ, ಧರಣಿ, ಅರ್ಜಿ, ಪಟ್ಟಿ. ಈ ದುರಂತಕ್ಕೆ ಇನ್ನೊಂದು ಮುಖವೂ ಇದೆ. ಅದು ಖರ್ಚು ಯಾರದ್ದು, ಅದನ್ನು ಕಟ್ಟಿದ್ದು ಯಾರು ಎಂಬ ಲೆಕ್ಕದ ಮುಖ. ವಿಷ ಬಿದ್ದದ್ದು ನಿಂತು ಎರಡು ದಶಕ ಕಳೆದರೂ ಆ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಸರಕಾರದ್ದೇ ಸಂಸ್ಥೆ. ಜಿಲ್ಲೆಯ ಗುಡ್ಡೆಗಳಲ್ಲಿ ಅದಕ್ಕೆ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರುತೋಟ. ಚಿಗುರು ಹೀರುವ ಟೀ ಸೊಳ್ಳೆಯ ಕಾಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು-ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯ್ತು. ಹೆಲಿಕಾಪ್ಟರೇ ಯಾಕೆ? ಮರ ಎತ್ತರ, ಜಾಗ ಇಳಿಜಾರು, ಆಳು ಸಿಗುವುದು ಕಷ್ಟ. ತಿಂಗಳುಗಟ್ಟಲೆ ಪಂಪು ಹೊತ್ತು ತಿರುಗುವ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ನಿಗಮದ ಪುಸ್ತಕದಲ್ಲಿ ಇದು ಶುದ್ಧ ಉಳಿತಾಯ.

ಆ ಪುಸ್ತಕದಲ್ಲಿ ಬರೆಯದೇ ಹೋದದ್ದು ತೋಟದಿಂದ ಹೊರಗೆ ಬಿದ್ದ ಹನಿ. ಇಲ್ಲಿನ ಭೂಮಿಯ ರಚನೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡೆಯ ನೆತ್ತಿಯಲ್ಲಿ ಗೇರು, ಬುಡದಲ್ಲಿ ಮನೆ, ಅಡಿಕೆ ತೋಟ, ಬಾವಿ, ತೋಡು. ಗುಡ್ಡೆಯ ಹೊಟ್ಟೆ ಕೊರೆದ ಸುರಂಗದಿಂದಲೇ ಕುಡಿಯುವ ನೀರು. ಮೇಲೆ ಏನು ಬಿತ್ತೋ ಅದು ಕೆಳಗೆ ಇಳಿಯಲೇಬೇಕು. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣಿನಗರ, ಸ್ವರ್ಗ ಪ್ರದೇಶದಲ್ಲಿ ಆದದ್ದು ಇದೇ. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳ ವಿಚಿತ್ರ ಗುಂಪನ್ನು ಗಮನಿಸಿ ಬರೆದದ್ದು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದ್ದು ಈಗ ಎಲ್ಲರಿಗೂ ತಿಳಿದ ಚರಿತ್ರೆ.

ಒಬ್ಬನ ವ್ಯಾಪಾರದ ಖರ್ಚು ಆ ವ್ಯಾಪಾರಕ್ಕೆ ಸಂಬಂಧವೇ ಇಲ್ಲದವನ ತಲೆಗೆ ಬೀಳುವುದಕ್ಕೆ ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚ ಎಂಬ ಹೆಸರಿದೆ. ಇಂಗ್ಲೆಂಡಿನ ಎ. ಸಿ. ಪಿಗೂ 1920ರಲ್ಲೇ ಈ ಬಗ್ಗೆ ಬರೆದಿದ್ದರು. ಅಂಥ ಖರ್ಚನ್ನು ತೆರಿಗೆಯ ಮೂಲಕ ಮಾಡಿದವನ ಮೇಲೆಯೇ ಹೇರಿದರೆ ಆತ ತಾನಾಗಿ ಕಡಿಮೆ ಮಾಡುತ್ತಾನೆ ಎಂಬುದು ಅವರ ವಾದ. 1960ರಲ್ಲಿ ರೊನಾಲ್ಡ್ ಕೋಸ್ ಬೇರೆ ದಿಕ್ಕಿನಿಂದ ನೋಡಿದರು. ಮಾತುಕತೆಗೆ ಖರ್ಚೇ ಇಲ್ಲ ಎಂದಾದರೆ ಇಬ್ಬರೂ ಕೂತು ತೀರ್ಮಾನ ಮಾಡಿಕೊಳ್ಳಬಹುದು, ಆದರೆ ನಿಜ ಜೀವನದಲ್ಲಿ ಆ ಖರ್ಚು ದೊಡ್ಡದು, ಆದ್ದರಿಂದ ಕಾನೂನು ಹಕ್ಕನ್ನು ಯಾರ ಕೈಗೆ ಕೊಡುತ್ತದೆ ಎಂಬುದು ಮುಖ್ಯವಾಗುತ್ತದೆ ಎಂದರು. ಈ ವಿಚಾರಕ್ಕೂ ಸೇರಿ ಅವರಿಗೆ 1991ರಲ್ಲಿ ನೊಬೆಲ್ ಬಂತು.

ಎಣ್ಮಕಜೆಗೆ ಇದನ್ನು ಹೊಂದಿಸಿ ನೋಡಿ. ಒಂದು ಬದಿಗೆ ಒಂದೇ ನಿಗಮ. ಇನ್ನೊಂದು ಬದಿಗೆ 11 ಪಂಚಾಯತುಗಳಲ್ಲಿ ಚದುರಿದ ಸಾವಿರಾರು ಮನೆ. ಕನ್ನಡ, ತುಳು, ಮಲಯಾಳ, ಮರಾಟಿ ಎಂದು ಬೇರೆ ಬೇರೆ ಮನೆಮಾತು. ಮಗುವಿಗೆ ಯಾಕೆ ಹೀಗಾಯ್ತು ಎಂಬುದೇ ಗೊತ್ತಿಲ್ಲದವರು ಯಾರ ಹತ್ತಿರ ಏನಂತ ಚೌಕಾಸಿ ಮಾಡಬೇಕಿತ್ತು? ದೈವದ ಶಾಪವೋ ಎಂದು ಪ್ರಶ್ನೆ ಇಡಿಸಿದವರೂ ಇದ್ದಾರೆ.

ಅಮೆರಿಕದ ಕಾನೂನು ಪಂಡಿತ ಗಿಡೋ ಕ್ಯಾಲಬ್ರೆಸಿ 1970ರ ಪುಸ್ತಕದಲ್ಲಿ ಕೇಳಿದ ಪ್ರಶ್ನೆ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಅವಘಡವನ್ನು ಕಡಿಮೆ ಖರ್ಚಿನಲ್ಲಿ ತಪ್ಪಿಸಬಲ್ಲವರು ಯಾರು? ನಿಗಮ ಗಾಳಿ ಬೀಸುವ ದಿನ ಹಾರಾಟ ನಿಲ್ಲಿಸಬಹುದಿತ್ತು, ಮೊದಲೇ ಡಂಗುರ ಹೊಡೆಸಬಹುದಿತ್ತು, ಬಾವಿ ಮುಚ್ಚಿಸಬಹುದಿತ್ತು, ಕೀಟ ಬಿದ್ದ ಮರಕ್ಕಷ್ಟೇ ಕೈಪಂಪಿನಲ್ಲಿ ಹೊಡೆಯಬಹುದಿತ್ತು. ಬಡ ಮನೆಯವರ ಕೈಲಿ ಏನಿತ್ತು? ಬಾವಿಗೆ ಮಡಲು ಮುಚ್ಚಬಹುದು, ಸುರಂಗಕ್ಕೆ ಮುಚ್ಚಳ ಎಲ್ಲಿಂದ ತರುವುದು? ಹೊಣೆ ಯಾರದ್ದೆಂದು ಹೇಳಲು ಇಷ್ಟು ಸಾಕು.

ಕೋರ್ಟಿಗೆ ಹೋದವರಿಗೆ ಮಾತ್ರ

ಕಾನೂನು ಈ ಹೊಣೆಯನ್ನು ಗುರುತಿಸಿಲ್ಲ ಎನ್ನುವ ಹಾಗಿಲ್ಲ. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟು, ಅಪಾಯಕಾರಿ ಉದ್ಯಮ ನಡೆಸುವವರು ಹಾನಿಗೆ ಪೂರ್ಣ ಹೊಣೆ, ತಮ್ಮ ತಪ್ಪಿಲ್ಲ ಎಂಬ ಸಬೂಬು ನಡೆಯದು ಎಂದಿತು. ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ತತ್ವವನ್ನು 1996ರ ತೀರ್ಪುಗಳಲ್ಲಿ ಎತ್ತಿ ಹಿಡಿಯಿತು. ಆದರೆ ಆ ತತ್ವ ಗೇರುಗುಡ್ಡೆಗೆ ಹತ್ತಿ ಬರಲು ಒಬ್ಬರು ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಪೆರಿಯದ ಕೃಷಿ ಇಲಾಖೆ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ವಕೀಲರ ಫೀಸು, ಓಡಾಟ, ಬೆದರಿಕೆ ಎಲ್ಲ ಒಬ್ಬರಿಗೆ, ಫಲ ಮಾತ್ರ ಇಡೀ ಊರಿಗೆ. ಇಂಥ ಕೆಲಸಕ್ಕೆ ಜನ ಸಾಲುಗಟ್ಟಿ ಮುಂದೆ ಬರುವುದಿಲ್ಲ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಬಂದವರು ಬಂದದ್ದು ಊರಿನ ಪುಣ್ಯ ಅನ್ನಬೇಕಷ್ಟೆ.

ವಿಜ್ಞಾನಿಗಳೂ ಒಂದೇ ಮಾತು ಹೇಳಲಿಲ್ಲ ಎಂಬುದನ್ನೂ ಮರೆಯಬಾರದು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2002ರ ವರದಿಯಲ್ಲಿ ಬೊಟ್ಟು ಮಾಡಿದ್ದು ಎಂಡೋಸಲ್ಫಾನಿನತ್ತ. 2003ರ ದುಬೆ ಸಮಿತಿ ಸಂಬಂಧ ಇಲ್ಲ ಎಂದಿತು. ವಿವಾದ ಇರುವಾಗ ಏನು ಮಾಡಬೇಕು? ಎರಡೂ ಬದಿಯ ತಪ್ಪಿನ ಬೆಲೆ ನೋಡಬೇಕು. ಸುಮ್ಮನೆ ನಿಷೇಧಿಸಿದ್ದರೆ ಹೋಗುವುದು ಸ್ವಲ್ಪ ಗೇರುಬೀಜ, ಬೇರೆ ಔಷಧಿಯ ಹೆಚ್ಚಿನ ಖರ್ಚು. ಸುಮ್ಮನೆ ಬಿಟ್ಟಿದ್ದರೆ ಹೋಗುವುದು ಮರಳಿ ಬಾರದ್ದು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕೈಬಿಡುವ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಯಾರಿ, ಮಾರಾಟ, ಬಳಕೆ ಎಲ್ಲಕ್ಕೂ ತಡೆ ಹಾಕಿತು.

ಇನ್ನು ಪರಿಹಾರದ ಕತೆ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2010ರ ಡಿಸೆಂಬರ್ 31ರಂದು ಸತ್ತವರ ಕುಟುಂಬಕ್ಕೆ ಮತ್ತು ಹಾಸಿಗೆ ಹಿಡಿದವರಿಗೆ 5 ಲಕ್ಷ, ಉಳಿದ ಅಂಗವಿಕಲರಿಗೆ 3 ಲಕ್ಷ ಕೊಡಬೇಕೆಂದಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರೆಲ್ಲರಿಗೂ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ, ಬೇಕಿದ್ದರೆ ತಯಾರಕ ಕಂಪೆನಿಗಳಿಂದ ವಸೂಲಿ ಮಾಡಿಕೊಳ್ಳಿ ಎಂದು ಕೇರಳಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ 13ರಂದು ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿದರೆ ಯಾರಿಗಾದರೂ ತಲೆ ತಗ್ಗಬೇಕು. 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿಯೂ ಕೋರ್ಟಿಗೆ ಹೋದವರೇ!

ಇದನ್ನು ಬರೇ ಉದಾಸೀನ ಅಂತ ಬಿಡುವ ಹಾಗಿಲ್ಲ, ಇದರಲ್ಲೂ ಒಂದು ಲೆಕ್ಕಾಚಾರ ಇದೆ. ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇಟ್ಟ ಹಣ ಸುಮಾರು ಹತ್ತು ವರ್ಷಕ್ಕೆ ಎರಡು ಪಟ್ಟಾಗುತ್ತದೆ. 2010ರ ಕೊನೆಗೆ ಹೇಳಿದ 5 ಲಕ್ಷವನ್ನು 2022ರಲ್ಲಿ 5 ಲಕ್ಷವಾಗಿಯೇ ಕೊಟ್ಟರೆ ನಿಜ ಬೆಲೆಯಲ್ಲಿ ಅರ್ಧವೂ ಕೊಟ್ಟ ಹಾಗಾಗುವುದಿಲ್ಲ. ತಡ ಮಾಡಿದವನಿಗೆ ಲಾಭ. ಕೇಸು ಹಾಕಿದವರಿಗೆ ಮಾತ್ರ ಕೊಡುವುದು ಅದಕ್ಕಿಂತ ದೊಡ್ಡ ಲಾಭ, ಯಾಕೆಂದರೆ ಹಾಸಿಗೆ ಹಿಡಿದ ಮಗನನ್ನು ಬಿಟ್ಟು ದೆಹಲಿಗೆ ಹೋಗುವ ತಾಯಂದಿರು ಎಷ್ಟು ಮಂದಿ? ಕನ್ನಡ ಮಾತ್ರ ಓದಬಲ್ಲ ಹಿರಿಯರಿರುವ ಮನೆಗೆ ಮಲಯಾಳ ನೋಟೀಸು ಬಂದರೆ ಅದನ್ನು ಓದಿಸುವುದೇ ಒಂದು ದಿನದ ಕೂಲಿ. ತಡಕ್ಕೆ ಬಡ್ಡಿ ಕಟ್ಟಲೇಬೇಕು ಎಂಬ ಷರತ್ತು ಮೊದಲ ಆದೇಶದಲ್ಲೇ ಇದ್ದಿದ್ದರೆ ಫೈಲು ಬೇಗ ಓಡುತ್ತಿತ್ತು.

ಯಾರ ಕಿಸೆಯಿಂದ?

ಮಾಲಿನ್ಯ ಮಾಡಿದವ ತೆರಬೇಕು ಎಂಬ ಮಾತು ಇಲ್ಲಿ ತಿರುಚಿಕೊಂಡದ್ದು ಹೇಗೆಂದು ನೋಡಬೇಕು. ಸಿಂಪಡಿಸಿದ್ದು ಸರಕಾರಿ ನಿಗಮ. ಎಂಡೋಸಲ್ಫಾನ್ ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರಕಾರದ್ದೇ ಆದ ಹಿಂದೂಸ್ಥಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಸೇರಿತ್ತು. ಈಗ ಪರಿಹಾರ ಕೊಡುವುದು ರಾಜ್ಯದ ಖಜಾನೆ, ಅಂದರೆ ತೆರಿಗೆ ಕಟ್ಟುವ ಜನ. ಆ ಜನರಲ್ಲಿ ಸಂತ್ರಸ್ತರ ಮನೆಯವರೂ ಇದ್ದಾರೆ. ಮದುವೆ ಮನೆಯವರು ಉಂಡು ಹೋದರು, ಎಲೆ ತೆಗೆದವರಿಗೆ ಬಿಲ್ಲು ಬಂತು ಎನ್ನುವ ಹಾಗಾಯ್ತು. ನಷ್ಟ ತನ್ನ ಕಿಸೆಗೆ ತಟ್ಟದಿದ್ದರೆ ಯಾವ ಮ್ಯಾನೇಜರೂ ಮುಂದಿನ ಸಲ ಜಾಗ್ರತೆ ಮಾಡುವುದಿಲ್ಲ.

ಗಡಿಯ ಆಚೆಗೂ ಕತೆ ಬೇರೆಯಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಇದೇ ವಿಷ ಬಿದ್ದಿತ್ತು. ಕರ್ನಾಟಕ ಮುಖ್ಯವಾಗಿ ಮಾಸಾಶನದ ದಾರಿ ಹಿಡಿಯಿತು. ಕೇರಳದಲ್ಲಿ ಇಡಿಗಂಟೂ ಉಂಟು, ಮಾಸಾಶನವೂ ಉಂಟು. ಇಡಿಗಂಟು ಸಾಲ ತೀರಿಸುತ್ತದೆ, ಆಮೇಲೆ ಉಳಿಯುವುದಿಲ್ಲ. ಮಾಸಾಶನ ಔಷಧಿಗೆ ಆಗುತ್ತದೆ, ಬೆಲೆ ಏರಿದ ಹಾಗೆ ಅದು ಏರದಿದ್ದರೆ ಸವೆಯುತ್ತದೆ. ಎರಡರಲ್ಲೂ ಸೇರದ ಒಂದು ಬಾಬ್ತು ಇದೆ. ನಲವತ್ತು ವರ್ಷದ ಮಗನಿಗೆ ಈಗಲೂ ಅನ್ನ ತಿನ್ನಿಸುವ ಅಮ್ಮನ ಕೆಲಸ. ಅವಳು ಬೀಡಿ ಕಟ್ಟಲು ಕೂರಲಿಲ್ಲ, ಅಡಿಕೆ ಸುಲಿಯಲು ಹೋಗಲಿಲ್ಲ. ಆ ಹೋದ ಕೂಲಿ ಯಾವ ಕಾಲಂನಲ್ಲೂ ಇಲ್ಲ. ಅವಳಿಗೆ ವಯಸ್ಸಾಗುತ್ತಿದೆ, ಅವಳ ನಂತರ ನೋಡಿಕೊಳ್ಳುವವರಿಗೆ ಸಂಬಳ ಕೊಟ್ಟೇ ಇಡಬೇಕು.

ಉಳಿದ ವಿಷದ ಖರ್ಚೂ ಬಾಕಿಯೇ. ಪೆರಿಯ, ರಾಜಪುರದ ಗೋದಾಮುಗಳಲ್ಲಿ ಮಿಕ್ಕಿದ್ದ ಎಂಡೋಸಲ್ಫಾನನ್ನು 2012ರಲ್ಲಿ ಹಳೆ ಬ್ಯಾರೆಲುಗಳಿಂದ ಹೊಸದಕ್ಕೆ ತುಂಬಿಸಲಾಯ್ತು. ಗಡಿಗೆ ತಾಗಿದ ಮಿಂಚಿಪದವಿನ ಪಾಳುಬಾವಿಗೆ ಹಿಂದೆ ಇದನ್ನು ಸುರಿಯಲಾಗಿದೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ಗುಡ್ಡೆಯಿಂದ ಇಳಿಯುವ ನೀರಿಗೆ ಕೇರಳ ಯಾವುದು, ಕರ್ನಾಟಕ ಯಾವುದು ಎಂಬುದು ಗೊತ್ತಿಲ್ಲ. ಆ ಬಾವಿಯ ಸುತ್ತಲಿನ ಮಣ್ಣು, ನೀರು ಪರೀಕ್ಷಿಸುವ ಖರ್ಚನ್ನಾದರೂ ಸಿಂಪಡಿಸಿದ ನಿಗಮದ ಪುಸ್ತಕದಲ್ಲೇ ಬರೆಸಬೇಕು.