ಟಿಪ್ ಸಂಬಳವಲ್ಲ

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಕೋಪರಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ‘ಟಿಪ್’ ಎಂಬ ಇಂಗ್ಲಿಷ್ ಮಾತು ಹೊಸದಲ್ಲ. ಹಿಂದಿನವರು ಭಕ್ಷೀಸು ಎನ್ನುತ್ತಿದ್ದರು. ಇದು ಮೂರಕ್ಷರದ ಸಂಕ್ಷೇಪ, ‘ಟು ಇನ್‌ಶೂರ್ ಪ್ರಾಂಪ್ಟ್‌ನೆಸ್’, ಅಂದರೆ ಚುರುಕು ಸೇವೆಗೆ ಖಾತ್ರಿ, ಎಂದು ಓದಿದ ಗಿರಾಕಿಗಳು ನಮಗೆ ಪಾಠ ಹೇಳುವುದುಂಟು. ಇದು ಶುದ್ಧ ಕಟ್ಟುಕತೆ. ಆ ಅರ್ಥಕ್ಕೆ ಸರಿಯಾದ ಪದ ‘ಎನ್‌ಶೂರ್’; ಹಾಗಾದರೆ ‘ಟೆಪ್’ ಆಗಬೇಕಿತ್ತು! ಉಂಡು ಕೈ ತೊಳೆದ ಮೇಲೆ ಸೋಂಪಿನ ತಟ್ಟೆಗೆ ಬೀಳುವ ಕಾಸು ಮೊದಲೇ ಚುರುಕನ್ನು ಹೇಗೆ ಕೊಂಡೀತು? ನಿಜವಾಗಿ ಇದು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಳ್ಳಕಾಕರ ಗುಟ್ಟಿನ ಮಾತು. ‘ಕೊಡು, ದಾಟಿಸು’ ಎಂದರ್ಥ. 18ನೆಯ ಶತಮಾನದಲ್ಲಿ ಆಳುಗಳಿಗೆ ಕೊಡುವ ಚಿಲ್ಲರೆಗೆ ಹೆಸರಾಯಿತು.

ಹುಟ್ಟು ಏನೇ ಇರಲಿ, ನಮಗೆ ಚುಚ್ಚುವುದು ಅದರ ಬಳಕೆ. ಸಂಬಳ ಏರಿಸಿ ಎಂದರೆ ‘ಟಿಪ್ ಬರುತ್ತದಲ್ಲವೋ?’ ಎನ್ನುವ ಮಾಲಕರಿದ್ದಾರೆ. ಕಾವಲಿಯೆದುರು ಬೇಯುವ ದೋಸೆ ಭಟ್ಟರಿಗೆ, ಮೋರಿಯ ಬಳಿ ತಟ್ಟೆ ತೊಳೆಯುವವನಿಗೆ ಯಾವ ಗಿರಾಕಿ ಕೊಡುತ್ತಾನೆ? ಟಿಪ್ ಮಾಲಕ ಕೊಡುವ ಸಂಬಳವಲ್ಲ, ಗಿರಾಕಿಯ ಹಣ ಎಂದು ಸುಪ್ರೀಂ ಕೋರ್ಟೇ 2016ರಲ್ಲಿ ಹೋಟೆಲುಗಳ ತೆರಿಗೆಯ ಮೊಕದ್ದಮೆಯೊಂದರಲ್ಲಿ ಹೇಳಿದೆ. ಅದಕ್ಕೆ ಪ್ರಾವಿಡೆಂಟ್ ಫಂಡಿಲ್ಲ, ಮುದಿತನಕ್ಕೆ ಒದಗದು. ಅದನ್ನು ಸಂಬಳದ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ?

ಈಗಂತೂ ಗಿರಾಕಿ ಫೋನಿನಿಂದಲೇ ಬಿಲ್ಲು ಸಲ್ಲಿಸುತ್ತಾನೆ. ಮೇಲಿನ ಹತ್ತು ರೂಪಾಯಿಯೂ ಗಲ್ಲಾದ ಖಾತೆಗೇ ಸೇರುತ್ತದೆ. ಆ ಹಣವನ್ನು ಬೇರೆ ಪುಸ್ತಕದಲ್ಲಿ ಬರೆದಿಡಲಿ, ವಾರಕ್ಕೊಮ್ಮೆ ಅಡಿಗೆಮನೆಯವರನ್ನೂ ಸೇರಿಸಿ ಹಂಚಲಿ ಎಂದು ಮಾಲಕರನ್ನು ಕೇಳುತ್ತೇವೆ.