ತಲೆಗೆ ಪೆಟ್ಟು: ಸ್ಕ್ಯಾನ್ ನಾರ್ಮಲ್ ಬಂದರೆ ಮಗು ಸರಿಹೋದಂತೆಯೇ?

ಆಡುವಾಗ ಬಿದ್ದು ತಲೆಗೆ ಪೆಟ್ಟಾದ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಾಗ ಹೆತ್ತವರು ಮೊದಲು ಕೇಳುವುದು ಸ್ಕ್ಯಾನ್ ಬಗ್ಗೆ. ಅದು ನಾರ್ಮಲ್ ಎಂದು ಬಂದರೆ ಎಲ್ಲರಿಗೂ ನೆಮ್ಮದಿ. ಆದರೆ ವಾರ ಕಳೆದರೂ ಮಗು ತಲೆನೋವು ಎನ್ನುತ್ತದೆ, ಗದ್ದಲ ಕೇಳಿದರೆ ಸಿಡುಕುತ್ತದೆ, ಓದಲು ಕುಳಿತರೆ ಸುಸ್ತಾಗುತ್ತದೆ. 'ಸ್ಕ್ಯಾನ್‌ನಲ್ಲಿ ಏನೂ ಇಲ್ಲವಲ್ಲ, ಶಾಲೆ ತಪ್ಪಿಸಲು ನೆಪ ಹೇಳುತ್ತಿದ್ದಾನೆ' ಎಂದು ದೊಡ್ಡವರು ಅಂದುಕೊಳ್ಳುವುದು ಇಂಥ ಹೊತ್ತಿನಲ್ಲೇ.

ಅದು ನೆಪವಲ್ಲ. ಪೆಟ್ಟಿನ ರಭಸಕ್ಕೆ ಬುರುಡೆಯೊಳಗೆ ಮಿದುಳು ಅಲುಗಾಡಿ, ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದನ್ನು 'ಕನ್ಕಶನ್' ಎನ್ನುತ್ತಾರೆ. ಆಗ ನರಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಈ ಸಮತೋಲವನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು. ಸಿಟಿ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮೂಳೆಮುರಿತದಂತಹ ಗಾಯಗಳನ್ನು. ಕೋಶದ ಮಟ್ಟದ ಈ ಗೊಂದಲ ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಎಲ್ಲ ಮಕ್ಕಳಿಗೂ ಸ್ಕ್ಯಾನ್ ಬೇಕಿಲ್ಲ. ತಲೆಗೆ ಪೆಟ್ಟಾಗಿ ಬಂದ, ಎಚ್ಚರವಾಗಿಯೇ ಇದ್ದ 42 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಮಿದುಳಿಗೆ ಗಂಭೀರ ಗಾಯವಾಗಿದ್ದವರು ಶೇ. 1ಕ್ಕಿಂತ ಕಡಿಮೆ. ಯಾರಿಗೆ ಸ್ಕ್ಯಾನ್ ಮಾಡದೆ ಬಿಡಬಹುದು ಎಂದು ತೀರ್ಮಾನಿಸಲು ವೈದ್ಯರು ಆ ಅಧ್ಯಯನದಿಂದ ಬಂದ ನಿಯಮಗಳನ್ನು ಬಳಸುತ್ತಾರೆ. ಬೇಡದ ಕಡೆ ಮಗುವಿನ ಮೇಲೆ ವಿಕಿರಣ ಬೀಳುವುದು ಇದರಿಂದ ತಪ್ಪುತ್ತದೆ.

ಹಾಗಾದರೆ ಕನ್ಕಶನ್ ಪತ್ತೆಯಾಗುವುದು ಹೇಗೆ? ಒಂದೇ ಪರೀಕ್ಷೆಯಿಂದ ಅಲ್ಲ. ಪೆಟ್ಟು ಬಿದ್ದ ಬಗೆ, ತಲೆನೋವು, ತಲೆಸುತ್ತು, ಮಂಕು, ಮರೆವು, ನಡಿಗೆಯ ಸಮತೋಲ, ಇವೆಲ್ಲವನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಶನ್ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಲಕ್ಷಣಗಳು ಕೆಲವೊಮ್ಮೆ ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳುತ್ತವೆ. ಹೇಳಿಕೊಳ್ಳಲು ಬಾರದ ಪುಟ್ಟ ಮಕ್ಕಳಲ್ಲಿ ವಿಪರೀತ ಅಳು, ಬದಲಾದ ನಿದ್ದೆ, ಇಷ್ಟದ ಆಟಿಕೆಯನ್ನೂ ಮುಟ್ಟದಿರುವುದು ಸುಳಿವಾಗಬಹುದು.

ಇನ್ನು ಹೆತ್ತವರ ಎರಡನೇ ಪ್ರಶ್ನೆ: 'ಯಾವಾಗ ಸರಿಹೋಗುತ್ತದೆ?' ಇದಕ್ಕೆ ಉತ್ತರ ಹುಡುಕಿದ್ದು ಕೆನಡಾದ ಸಂಶೋಧಕರು. ಅಲ್ಲಿನ 9 ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದ, 5ರಿಂದ 17 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರು ಗಮನಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸುಮಾರು ಮೂರರಲ್ಲಿ ಒಂದು ಮಗುವಿಗೆ 28 ದಿನಗಳ ನಂತರವೂ ತೊಂದರೆ ಉಳಿದಿತ್ತು.

ಯಾರಿಗೆ ಹೀಗಾಗಬಹುದು ಎಂದು ಅಂದಾಜಿಸಲು ಅವರು 12 ಅಂಕಗಳ ಪಟ್ಟಿಯೊಂದನ್ನು ರೂಪಿಸಿದರು. ಹೆಣ್ಣುಮಗು, ಹದಿಹರೆಯ, ಹಿಂದೊಮ್ಮೆ ಕನ್ಕಶನ್ ಆಗಿ ವಾರಕ್ಕೂ ಹೆಚ್ಚು ಕಾಡಿದ್ದು, ಮೈಗ್ರೇನ್, ತಲೆನೋವು, ಸದ್ದು ಸಹಿಸದಿರುವುದು, ಸುಸ್ತು, ಪ್ರಶ್ನೆಗೆ ನಿಧಾನವಾಗಿ ಉತ್ತರಿಸುವುದು, ಒಂದರ ಹಿಂದೊಂದು ಪಾದವಿಟ್ಟು ನಿಂತಾಗ ಸಮತೋಲ ತಪ್ಪುವುದು, ಇವಕ್ಕೆ ಅಂಕಗಳಿವೆ. 3ರವರೆಗೆ ಅಪಾಯ ಕಡಿಮೆ, 9 ಅಥವಾ ಅದಕ್ಕಿಂತ ಮೇಲಿದ್ದರೆ ಹೆಚ್ಚು.

ಈ ಪಟ್ಟಿ ಭವಿಷ್ಯವಾಣಿಯಲ್ಲ. ತಡವಾಗಿ ಗುಣವಾಗುವ ಒಂದು ಮಗು, ಬೇಗ ಗುಣವಾಗುವ ಒಂದು ಮಗು ಇದ್ದಾಗ ಯಾರು ಯಾರೆಂದು ಗುರುತಿಸುವುದು ಪರೀಕ್ಷೆ ಎಂದುಕೊಳ್ಳಿ. ನಾಣ್ಯ ಚಿಮ್ಮಿ ಹೇಳಿದರೂ ನೂರಕ್ಕೆ 50 ಸಲ ಸರಿಯಾಗುತ್ತದೆ. ವೈದ್ಯರ ಅಂದಾಜು ಸರಿಯಾದದ್ದು ಸುಮಾರು 55 ಸಲದ ಮಟ್ಟಿಗೆ, ಪಟ್ಟಿಯದು 68ರ ಮಟ್ಟಿಗೆ. ಅಂದರೆ ಪಟ್ಟಿ ನೆರವಾಗುತ್ತದೆ, ಖಾತರಿ ಕೊಡುವುದಿಲ್ಲ. ಹೆಚ್ಚು ಅಂಕ ಬಂದ ಮಗುವನ್ನು ಬೇಗನೆ ಮತ್ತೆ ತಪಾಸಣೆಗೆ ಕರೆಯಲು, ಶಾಲೆಗೆ ಮೊದಲೇ ತಿಳಿಸಲು ಅಷ್ಟು ಸಾಕು.

ಚೇತರಿಕೆಗೆ ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಬೇಕು ಎಂಬ ಹಳೆಯ ಸಲಹೆ ಈಗ ಬದಲಾಗಿದೆ. ಒಂದೆರಡು ದಿನ ವಿಶ್ರಾಂತಿ, ಮೊಬೈಲ್-ಟಿವಿ ಕಡಿಮೆ; ಆಮೇಲೆ ತೊಂದರೆ ಹೆಚ್ಚದಷ್ಟು ನಡಿಗೆ, ಹಂತಹಂತವಾಗಿ ಶಾಲೆ. ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ಮಗುವನ್ನು ನಿದ್ದೆ ಮಾಡದಂತೆ ತಡೆಯುವ ಅಗತ್ಯವೂ ಇಲ್ಲ.

ಆದರೆ ತಲೆಗೆ ಮತ್ತೆ ಪೆಟ್ಟು ಬೀಳಬಹುದಾದ ಆಟಕ್ಕೆ ಅವಸರ ಬೇಡವೇ ಬೇಡ. ಒಟ್ಟಾವಾದ 17 ವರ್ಷದ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ 2013ರಲ್ಲಿ, ಕೆಲವೇ ದಿನಗಳ ಅಂತರದಲ್ಲಿ ತಲೆಗೆ ಮತ್ತೆ ಮತ್ತೆ ಪೆಟ್ಟಾಗಿ ತೀರಿಕೊಂಡಳು. 2018ರಲ್ಲಿ ಆಕೆಯ ಹೆಸರಿನಲ್ಲೇ ಒಂಟಾರಿಯೊ ಪ್ರಾಂತ್ಯ ಕಾನೂನು ತಂದಿತು: ಕನ್ಕಶನ್‌ನ ಅನುಮಾನ ಬಂದ ಆಟಗಾರರನ್ನು ಕೂಡಲೇ ಮೈದಾನದಿಂದ ಹೊರಗೆ ಕರೆಯಬೇಕು.

ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಕೈಕಾಲು ಬಲಹೀನವಾಗುವುದು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಹೊರಡಿ. ಇವು ಯಾವುದೂ ಇಲ್ಲದೆ ಬರೀ 'ತಲೆ ನೋಯುತ್ತಿದೆ, ಓದಲಾಗುತ್ತಿಲ್ಲ' ಎಂದು ಮಗು ಹೇಳಿದರೆ, ಸ್ಕ್ಯಾನ್ ವರದಿ ಏನೇ ಹೇಳಲಿ, ಆ ಮಾತನ್ನು ನಂಬಿ ವೈದ್ಯರಿಗೆ ತಿಳಿಸಿ.